ಉಪ್ಪಿಟ್ಟಿನ ರವೆಯೂ ನಲವತ್ತು ಡಿಗ್ರಿಯ ಭುಜವೂ

ಅಮೆರಿಕದ ಯೂಟಾ ರಾಜ್ಯದ ಚಳಿಗಾಲದಲ್ಲಿ ನಮ್ಮ ಬೀದಿಯ ಕಾರುಗಳೆಲ್ಲ ಗ್ಯಾರೇಜುಗಳೊಳಗೆ ಬೆಚ್ಚಗಿದ್ದರೆ, ನಮ್ಮ ಮನೆಯ ಎರಡು ಕಾರುಗಳು ಮಾತ್ರ ಹಿಮ ಹೊದ್ದು ಹೊರಗೆ ನಿಂತಿರುತ್ತವೆ. ಗ್ಯಾರೇಜನ್ನು ಒಂದು ಲೇತು, ಒಂದು ಪ್ರೆಸ್, ಡಬ್ಬಿಗಟ್ಟಲೆ ಕೇಸುಗಳು, ಅಂದರೆ ತೋಟಾದ ಮದ್ದು ತುಂಬುವ ಹಿತ್ತಾಳೆಯ ಖಾಲಿ ಕೊಳವೆಗಳು, ಮತ್ತು ನಮ್ಮ ಯಜಮಾನರು ಆಕ್ರಮಿಸಿಕೊಂಡಿದ್ದಾರೆ. ಯಾವ ಕಾರ್ಖಾನೆಯೂ ತಯಾರಿಸದ, ಯಾವ ಅಂಗಡಿಯಲ್ಲೂ ಸಿಗದ ರೈಫಲ್ ತೋಟಾವನ್ನು ತಾವೇ ರೂಪಿಸಬೇಕೆಂಬುದು ಇವರ ಹವ್ಯಾಸ. ಇಂಥ ತೋಟಾಗಳಿಗೆ ಅಮೆರಿಕದಲ್ಲಿ ವೈಲ್ಡ್‌ಕ್ಯಾಟ್ ಎನ್ನುತ್ತಾರೆ. ಭಾರತದಲ್ಲಾದರೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿ ಸ್ವಂತ ಬಳಕೆಗೆ ತಯಾರಿಸಿಕೊಳ್ಳುವವರು ಪರವಾನಗಿಗಾಗಿ ಅಲೆಯಬೇಕಿಲ್ಲ. ಹೆಂಡತಿಯ ಅಪ್ಪಣೆಯ ಬಗ್ಗೆ ಎರಡೂ ದೇಶಗಳ ಕಾಯ್ದೆಗಳು ಮೌನವಾಗಿವೆ.

ಅಮೆರಿಕದ ಸೈನ್ಯ 1906ರಲ್ಲಿ ಬಳಕೆಗೆ ತಂದ ಥರ್ಟಿ-ಆಟ್-ಸಿಕ್ಸ್ ಎಂಬ ತೋಟಾ ಇಂದಿಗೂ ಇಲ್ಲಿನ ಸಣ್ಣ ಊರಿನ ಅಂಗಡಿಗಳಲ್ಲಿ ಕೂಡ ಸಿಗುತ್ತದೆ. ಅದರ ಹಿತ್ತಾಳೆಯ ಕೇಸು ಕತ್ತಿನ ಕೆಳಗೆ ಹದಿನೇಳೂವರೆ ಡಿಗ್ರಿಯ ಇಳಿಜಾರಿನಲ್ಲಿ ಅಗಲವಾಗುತ್ತದೆ. ಆ ಇಳಿಜಾರನ್ನು ಬಲ್ಲವರು ಭುಜ ಎಂದು ಕರೆಯುತ್ತಾರೆ. ಇಳಿಜಾರಾದ ಭುಜವನ್ನು 40 ಡಿಗ್ರಿಗೆ ನಿಗುರಿಸಿ, ಹೊಟ್ಟೆಯನ್ನು ಕೊಂಚ ನೆಟ್ಟಗೆ ಮಾಡಿದರೆ ಒಳಗೆ ಇನ್ನಷ್ಟು ಮದ್ದು ಹಿಡಿಸುತ್ತದೆ ಎಂಬುದು ಪಾರ್ಕರ್ ಆಟೊ ಆಕ್ಲಿ ಎಂಬ ಬಂದೂಕು ತಜ್ಞರು ಜನಪ್ರಿಯಗೊಳಿಸಿದ ವಿದ್ಯೆ. ಆಕ್ಲಿಯವರು ಬಹುಕಾಲ ನಮ್ಮದೇ ಸಾಲ್ಟ್ ಲೇಕ್ ಸಿಟಿಯಲ್ಲಿದ್ದು 1989ರಲ್ಲಿ ತೀರಿಕೊಂಡರು. ನಮ್ಮ ಯಜಮಾನರ ಪಾಲಿಗೆ ಈ ಊರು ಒಂದು ಬಗೆಯ ಕ್ಷೇತ್ರವಾಗಿರುವುದು ಹೀಗೆ.

ಇಷ್ಟೆಲ್ಲ ಮಾಡಿದರೆ ಸಿಗುವ ಲಾಭವೇನೆಂದರೆ, ಹೆಚ್ಚೆಂದರೆ ಸೆಕೆಂಡಿಗೆ ನೂರು ಅಡಿಯಷ್ಟು ಹೆಚ್ಚಿನ ವೇಗ. ಸೆಕೆಂಡಿಗೆ ಎರಡು ಸಾವಿರದ ಎಂಟುನೂರು ಅಡಿ ಹೋಗುವ ಗುಂಡಿಗೆ ಇನ್ನೊಂದು ನೂರು ಸೇರಿದರೆ ಜಿಂಕೆಗೇನು ವ್ಯತ್ಯಾಸ ತಿಳಿಯುತ್ತದೆ ಎಂದು ನಾನು ಒಮ್ಮೆ ಕೇಳಿದೆ. "ಜಿಂಕೆಗಲ್ಲ ಕಣೇ, ನನಗೆ ತಿಳಿಯುತ್ತದೆ" ಎಂದರು. ಆ ಮಾತು ಅಕ್ಷರಶಃ ನಿಜ, ಏಕೆಂದರೆ ಹುಟ್ಟಾ ಸಸ್ಯಾಹಾರಿಗಳಾದ ಇವರು ಇದುವರೆಗೆ ಕಾಗದದ ಗುರಿಹಲಗೆಯನ್ನಲ್ಲದೆ ಬೇರೆ ಯಾವ ಪ್ರಾಣಿಯನ್ನೂ ನೋಯಿಸಿಲ್ಲ.

ನಾನು ಖರ್ಚಿನ ಲೆಕ್ಕ ತೆಗೆದಾಗಲೆಲ್ಲ ಇವರು ಇತಿಹಾಸ ತೆಗೆಯುತ್ತಾರೆ. ಈಗ ಎಲ್ಲ ಕಡೆ ಸಿಗುವ ಟ್ವೆಂಟಿಟು-ಟೂಫಿಫ್ಟಿ ಎಂಬ ತೋಟಾ ದಶಕಗಳ ಕಾಲ ಹವ್ಯಾಸಿಗಳ ವರ್ಕ್‌ಶಾಪಿನ ಕೂಸಾಗಿಯೇ ಇದ್ದು, 1965ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ದತ್ತು ತೆಗೆದುಕೊಂಡಿತು. ಥರ್ಟಿಫೈವ್ ವೀಲನ್ ಎಂಬುದು 1922ರಲ್ಲಿ ಹುಟ್ಟಿ 1988ರಲ್ಲಿ ಕಾರ್ಖಾನೆ ಸೇರಿತು. ಅರವತ್ತಾರು ವರ್ಷ! ಆ ಹೊತ್ತಿಗೆ ನಮ್ಮ ಸಾಲವೆಲ್ಲ ತೀರಿರುತ್ತದೆ ಎಂಬ ಸಮಾಧಾನದಿಂದ ನಾನು ಸುಮ್ಮನಾಗುತ್ತೇನೆ. ಆಕ್ಲಿಯವರದೇ ಇನ್ನೊಂದು ಸೃಷ್ಟಿ ನನಗೆ ಹೆಚ್ಚು ಪ್ರಿಯವಾದದ್ದು. ದೊಡ್ಡ ಮೃಗಗಳ ಬೇಟೆಗೆಂದೇ ಇದ್ದ ವೆದರ್‌ಬಿ ಕಂಪನಿಯ ಭಾರಿ ತೋಟಾದ ಕತ್ತನ್ನು ಹಿಸುಕಿ, ಅಳಿಲಿಗೆ ಹೊಡೆಯುವಷ್ಟು ಪುಟ್ಟ ಗುಂಡನ್ನು ಅದಕ್ಕೆ ಕೂರಿಸಿ, ಸೆಕೆಂಡಿಗೆ 5,000 ಅಡಿ ದಾಟಿಸುವ ಪ್ರಯತ್ನ ಅದು. ದಾಟಲಿಲ್ಲ, ಸುಮಾರು 4,600ಕ್ಕೆ ನಿಂತಿತು. ಅದಕ್ಕಿಟ್ಟ ಹೆಸರು ಇಯರ್‌ಗೆಸ್ಪ್ಲಿಟನ್ ಲೌಡನ್‌ಬೂಮರ್, ಅಂದರೆ ಕಿವಿ ಸೀಳುವ ಭಾರಿ ಸದ್ದಿನದು ಎಂಬ ಇಂಗ್ಲಿಷನ್ನು ಜರ್ಮನ್ ಧಾಟಿಗೆ ತಿರುಚಿದ್ದು. ಮಹಾ ತಜ್ಞರಿಗೂ ತಮ್ಮ ಕೆಲಸವನ್ನು ಕಂಡು ನಗು ಬರುತ್ತಿತ್ತೆಂಬುದಕ್ಕೆ ಈ ಹೆಸರಿಗಿಂತ ಸಾಕ್ಷಿ ಬೇಕಿಲ್ಲ. ನಮ್ಮವರಿಗೆ ಮಾತ್ರ ಅದನ್ನು ನಗದೆ ಹೇಳಲು ಬರುತ್ತದೆ.

ಕೇಸನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ತಳ್ಳುವ ಮೊದಲು ಅದಕ್ಕೆ ಲ್ಯಾನೋಲಿನ್ ಎಂಬ ಕುರಿಯ ಉಣ್ಣೆಯ ಜಿಡ್ಡನ್ನು ಹದವಾಗಿ ಸವರಬೇಕು. ಹೆಚ್ಚಾದರೆ ಭುಜದ ಮೇಲೆ ಗುಳಿ ಬೀಳುತ್ತದೆ, ಕಡಿಮೆಯಾದರೆ ಕೇಸು ಅಚ್ಚಿನಲ್ಲಿ ಕಚ್ಚಿಕೊಳ್ಳುತ್ತದೆ. ಕನ್ನಡ ಕೂಟದ ಗೆಳೆಯರನ್ನು ಸಂಸಾರ ಸಮೇತ ಊಟಕ್ಕೆ ಕರೆದಿದ್ದ ಶನಿವಾರವೇ ಒಂದು ಕೇಸು ಕಚ್ಚಿಕೊಂಡಿತು. ಇವರು ಪ್ರೆಸ್ಸಿನ ಹಿಡಿಯನ್ನು ಎರಡೂ ಕೈಗಳಿಂದ ಎತ್ತಿದಾಗ ಕೇಸಿನ ಬುಡದ ಅಂಚು ಕಿತ್ತು ಬಂದು, ಉಳಿದದ್ದು ಒಳಗೇ ಭದ್ರವಾಗಿ ಕುಳಿತಿತು. ಬಂದ ಗಂಡಸರೆಲ್ಲ ಕೈ ತೊಳೆಯುವ ಮೊದಲೇ ಗ್ಯಾರೇಜಿಗೆ ನಡೆದರು. ಅವರಲ್ಲಿ ಎಲ್ಲರೂ ಎಂಜಿನಿಯರುಗಳು, ಮತ್ತು ಎಲ್ಲರೂ ಸಾಫ್ಟ್‌ವೇರಿನವರು. ಒಬ್ಬರು ಡೈಯನ್ನು ಫ್ರೀಜರಿನಲ್ಲಿಡಿ ಎಂದರು, ಇನ್ನೊಬ್ಬರು ಓವನ್ನಿನಲ್ಲಿಡಿ ಎಂದರು, ಮೂರನೆಯವರು ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದರೆ ಸರಿಹೋಗಬಹುದೆಂಬ ತಮ್ಮ ವೃತ್ತಿಧರ್ಮದ ಸಲಹೆಯನ್ನಿತ್ತರು. ಕೊನೆಗೆ ಕೇಸಿನ ಬುಡಕ್ಕೆ ತೂತು ಕೊರೆದು, ಅದರೊಳಗೆ ತಿರುಪಿನ ಗೆರೆ ಕೊರೆದು, ಬೋಲ್ಟ್ ತಿರುಗಿಸಿ ಎಳೆದಾಗ ಅದು 'ಟಪ್' ಎಂದು ಹೊರಬಂತು. ಅಷ್ಟರಲ್ಲಿ ಬಿಸಿಬೇಳೆಬಾತಿನ ಹೆಸರಿನಲ್ಲಿ ಮೊದಲ ಪದ ಸುಳ್ಳಾಗಿತ್ತು.

ಆ ವರ್ಷ ಊರಿನಿಂದ ಬಂದಿದ್ದ ನಮ್ಮತ್ತೆಯವರು ಮಾತ್ರ ಈ ವಿದ್ಯೆಗೆ ನೇರವಾಗಿ ನೆರವಾದರು. ಕೇಸುಗಳನ್ನು ತಿಕ್ಕಲು ಇವರು ಉಕ್ಕಿನ ಸಣ್ಣ ಕಡ್ಡಿಗಳು, ಪಾತ್ರೆ ಸೋಪು ಮತ್ತು ಸಿಟ್ರಿಕ್ ಆಮ್ಲ ಹಾಕಿದ ಪೀಪಾಯಿಯೊಂದನ್ನು ಗಂಟೆಗಟ್ಟಲೆ ತಿರುಗಿಸುತ್ತಾರೆ. ಅದರ ಗರಗರ ಸದ್ದಿಗೆ ನಿದ್ದೆ ಬಾರದ ಅತ್ತೆಯವರು ಬೆಳಗ್ಗೆ ಎದ್ದು, ಇನ್ನೂ ತೊಳೆಯದೆ ಉಳಿದಿದ್ದ ಒಂದು ಡಬ್ಬಿ ಕೇಸುಗಳನ್ನು ಸಿಂಕಿಗೆ ಸುರಿದು, ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿ, ಪೂಜೆಯ ಪಾತ್ರೆಗಳ ಪಕ್ಕದಲ್ಲಿ ಸಾಲಾಗಿ ಬೋರಲು ಹಾಕಿದರು. ಉಪ್ಪು ತಾಗಿದ ಹಿತ್ತಾಳೆ ಕೆಡುತ್ತದೆಂದು ಮಗ ಹೌಹಾರಿದರೆ, "ನಿಮ್ಮಜ್ಜಿ ಕಾಲದ ಕೊಳಗ ಇನ್ನೂ ಕೆಟ್ಟಿಲ್ಲ ಕಣೋ" ಎಂದು ಬಾಯಿ ಮುಚ್ಚಿಸಿದರು. ಅವರಿಗೆ ಇದ್ದ ಸಂಶಯ ಒಂದೇ. "ಕತ್ತು ಇಷ್ಟು ಸಣ್ಣಕ್ಕಿದ್ದರೆ ಒಳಗೆ ಹೇಗೋ ತೊಳೆಯೋದು?"

ಹೊಸ ಭುಜ ಪೂರ್ತಿ ಮೂಡಬೇಕಾದರೆ ಕೇಸನ್ನು ಹೊಸ ಅಳತೆಗೆ ಕೊರೆದ ಚೇಂಬರಿನಲ್ಲಿ, ಅಂದರೆ ಬಂದೂಕಿನೊಳಗೆ ತೋಟಾ ಕೂರುವ ಗೂಡಿನಲ್ಲಿ, ಇಟ್ಟು ಒಮ್ಮೆ ಹಾರಿಸಬೇಕು. ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಆಕಾರ ತಾಳುತ್ತದೆ. ಇದಕ್ಕಾಗಿ ಗುಂಡನ್ನು ದಂಡ ಮಾಡಲೊಲ್ಲದವರು ಗುಂಡಿನ ಬದಲು ಕ್ರೀಮ್ ಆಫ್ ವೀಟ್ ತುಂಬುತ್ತಾರೆ. ಕ್ರೀಮ್ ಆಫ್ ವೀಟ್ ಎಂದರೇನೆಂದು ಅಮೆರಿಕದ ಕನ್ನಡಿಗರಿಗೆ ಹೇಳಬೇಕಿಲ್ಲ. ಇಂಡಿಯನ್ ಅಂಗಡಿ ದೂರವಿದ್ದ ಕಾಲದಲ್ಲಿ ನಾವೆಲ್ಲ ಉಪ್ಪಿಟ್ಟು ಮಾಡಿದ್ದು ಅದರಲ್ಲೇ. ಬನ್ಸಿ ರವೆ ದಪ್ಪವಾಯಿತು, ಚಿರೋಟಿ ರವೆ ಹದವಾಗಿದೆ ಎಂಬ ತೀರ್ಮಾನಕ್ಕೆ ಇವರು ಬಂದದ್ದು ನನ್ನ ಡಬ್ಬಿಗಳು ಖಾಲಿಯಾದ ಕ್ರಮದಿಂದ ನನಗೆ ತಿಳಿಯಿತು. ಊರಾಚೆಯ ಮರಳುಗಾಡಿನಲ್ಲಿ ಇವರು ಹಾರಿಸಿದಾಗ ನಳಿಗೆಯ ತುದಿಯಿಂದ ಬೆಳ್ಳನೆಯ ಮೋಡವೊಂದು ಎದ್ದು, ಸುತ್ತಲೂ ಸೀದ ರವೆಯ ವಾಸನೆ ಹರಡಿತು. ಇವರಿಗೆ ಈ ಹುಚ್ಚು ಹಿಡಿಸಿದ ಪಕ್ಕದ ಮನೆಯ ಹಿರಿಯರನ್ನು ಮರುದಿನ ತಿಂಡಿಗೆ ಕರೆದಿದ್ದೆವು. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅವರು ಚಮಚದಲ್ಲಿ ಕದಡಿ, ಬಗ್ಗಿ ನೋಡಿ, ಇದು ಅದೇ ಅಲ್ಲವೇ ಎಂದು ಇವರತ್ತ ತಿರುಗಿದರು. ಅದೇ ಎಂದು ಖಚಿತವಾದ ಮೇಲೆ ಇನ್ನೊಂದು ಸಲ ಹಾಕಿಸಿಕೊಂಡರು.

ಮದ್ದು ತೂಗುವ ಹೊತ್ತಿನಲ್ಲಿ ಮಾತ್ರ ಗ್ಯಾರೇಜಿನಲ್ಲಿ ತಮಾಷೆ ನಡೆಯುವುದಿಲ್ಲ. ವೈಲ್ಡ್‌ಕ್ಯಾಟ್‌ಗಳಿಗೆ ಕಾರ್ಖಾನೆ ಪರೀಕ್ಷಿಸಿ ಅಚ್ಚು ಹಾಕಿದ ಮದ್ದಿನ ಅಳತೆಯ ಕೋಷ್ಟಕ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು, ಫೋನು ಹೊರಗಿರಬೇಕು, ಹೆಂಡತಿಯೂ ಹೊರಗಿರಬೇಕು ಎಂಬುದು ಆ ಹಿರಿಯರು ಹಾಕಿಕೊಟ್ಟ ಕಟ್ಟಳೆ. ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ತಕ್ಕಡಿ ಗ್ರೇನ್‌ನಲ್ಲಿ ತೂಗುತ್ತದೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಸುಮಾರು ಎರಡು ಗ್ರೇನಿಗೆ ಸಮ. ಗ್ರೇನಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ಆ ತಕ್ಕಡಿಯಲ್ಲಿ ನನ್ನ ಮೂಗುಬೊಟ್ಟನ್ನು ತೂಗಿ ನೋಡಿ, ಕೊಂಡ ದಿನದ ರಸೀತಿಯಲ್ಲಿದ್ದ ತೂಕಕ್ಕಿಂತ ಕಡಿಮೆ ಬಂದಾಗ, ಈ ಹವ್ಯಾಸದಿಂದ ನನಗೂ ಕೊಂಚ ಜ್ಞಾನ ದೊರೆಯಿತು.

ವೇಗ ಅಳೆಯುವ ಕ್ರೊನೊಗ್ರಾಫ್ ಎಂಬ ಯಂತ್ರದ ಕಥೆ ಚಿಕ್ಕದು. ಅದನ್ನು ಬಂದೂಕಿನ ಮುಂದೆ ಮುಕ್ಕಾಲಿಯ ಮೇಲೆ ನಿಲ್ಲಿಸುತ್ತಾರೆ, ಗುಂಡು ಅದರ ಮೇಲೆ ಹಾದುಹೋಗಬೇಕು. ದುರ್ಬೀನು ನಳಿಗೆಗಿಂತ ಒಂದೂವರೆ ಇಂಚಿನಷ್ಟು ಮೇಲಿರುವುದರಿಂದ ಕಣ್ಣಿಗೆ ದಾರಿ ತೆರವಾಗಿ ಕಂಡರೂ, ಅಷ್ಟು ಹತ್ತಿರದಲ್ಲಿ ಗುಂಡು ಇನ್ನೂ ಕೆಳಗೇ ಇರುತ್ತದೆ. ಈ ರೇಖಾಗಣಿತವನ್ನು ಇವರು ನನಗೆ ಚಿತ್ರ ಬರೆದು ವಿವರಿಸಿದ್ದು ಯಂತ್ರದ ನಡುವೆ ತೂತು ಬಿದ್ದ ಮೇಲೆ. ಆ ಹೆಚ್ಚುವರಿ ನೂರು ಅಡಿ ಬಂತೋ ಇಲ್ಲವೋ ಎಂಬುದನ್ನು ಹೇಳಬಲ್ಲ ಏಕೈಕ ಸಾಕ್ಷಿ ಹೀಗೆ ತೀರಿಹೋಯಿತು. ಹೊಸದಕ್ಕೆ ಇನ್ನೂ ಮಂಜೂರಾತಿ ಸಿಕ್ಕಿಲ್ಲ.

ಬೆಂಗಳೂರಿಗೆ ಹೊರಡುವಾಗ ನನ್ನ ಮುಖ್ಯ ಕೆಲಸ ಸೂಟ್‌ಕೇಸ್ ತುಂಬುವುದಲ್ಲ, ಜಾಲಾಡುವುದು. ಭಾರತದ ವಿಮಾನ ನಿಲ್ದಾಣದಲ್ಲಿ ಸಾಮಾನಿನ ನಡುವೆ ಒಂದು ತೋಟಾ ಸಿಕ್ಕರೂ ಸಾಕು, ಪೊಲೀಸರಿಗೆ ಆಕ್ಲಿಯವರ ವಿಷಯ ಹೇಳಿ ಪಾರಾಗುವಂತಿಲ್ಲ. ಹೋದ ಸಲ ಹೊರಡುವ ಹಿಂದಿನ ರಾತ್ರಿ ಇವರ ಕೋಟಿನ ಒಳಜೇಬು ತಡಕಿದಾಗ ಕೈಗೆ ತಣ್ಣನೆಯ ಹಿತ್ತಾಳೆ ತಾಗಿತು. ಖಾಲಿ ಕೇಸೇ ಆದರೂ ನೇರವಾಗಿ ಕಸದ ಬುಟ್ಟಿಯ ಕಡೆಗೆ ನಡೆದೆ. ಇವರು ಹಿಂದೆಯೇ ಓಡಿ ಬಂದು ಅದನ್ನು ದೀಪಕ್ಕೆ ಹಿಡಿದು ನೋಡಿ, "ಅಯ್ಯೋ, ಇದರ ಭುಜ ಪೂರ್ತಿ ಕೂತಿದೆ ಕಣೇ" ಎಂದರು. ಟ್ಯಾಕ್ಸಿ ಬರುವ ಹೊತ್ತಿಗೆ ಅದು ಅಡುಗೆಮನೆಯಲ್ಲಿ, ಚಿರೋಟಿ ರವೆಯ ಡಬ್ಬಿಯೊಳಗೆ ಭದ್ರವಾಗಿತ್ತು.