ಜರೀಗಿಡಕ್ಕೆ ಬೇಕಿರುವುದು ಗಾಳಿಯ ಪಸೆ

ಕನ್ನಡನಾಡು ಬಿಟ್ಟು ಚಳಿದೇಶಗಳಲ್ಲಿ ನೆಲೆಸಿದ ನಾವು ಜರೀಗಿಡ, ಅಂದರೆ ಫರ್ನ್ ಸಾಕುವಾಗ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತೇವೆ. ಗಿಡ ಸೊರಗಿತೆಂದರೆ ನೀರು ಹೊಯ್ಯುತ್ತೇವೆ. ಊರಿನ ತೆರೆದ ಜಗಲಿಯ ಮಣ್ಣಿನ ಕುಂಡಕ್ಕೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುವುದು ಸರಿಯಾದ ಕ್ರಮವೇ. ಅಲ್ಲಿ ಗಾಳಿ ಆಡುತ್ತದೆ, ಕುಂಡದ ಗೋಡೆಯೇ ನೀರನ್ನು ಬೆವರುತ್ತದೆ, ಉಳಿದದ್ದು ಬುಡದ ತೂತಿನಿಂದ ಇಳಿದುಹೋಗುತ್ತದೆ. ಅದೇ ಚೊಂಬನ್ನು ಕಿಟಕಿ ಮುಚ್ಚಿದ, ಹೀಟರ್ ಹಾಕಿದ ಕೋಣೆಯ ಪ್ಲಾಸ್ಟಿಕ್ ಕುಂಡಕ್ಕೆ ದಿನಾ ಹೊಯ್ದರೆ ಕೆಲವೇ ವಾರಗಳಲ್ಲಿ ಬೇರು ಕೊಳೆಯುತ್ತದೆ. ಗರಿಗಳ ತುದಿ ಮಾತ್ರ ಒಣಗುತ್ತಲೇ ಇರುತ್ತದೆ. ತುದಿ ಒಣಗಿದ್ದನ್ನು ಕಂಡು ಇನ್ನಷ್ಟು ನೀರು. ಬುಡಕ್ಕೆ ನೀರು ಹೆಚ್ಚಾಗಿ, ಎಲೆಗೆ ಪಸೆ ಸಾಲದೆ, ಎರಡೂ ಒಟ್ಟಿಗೇ ಆಗಬಹುದು ಎಂಬುದನ್ನು ನಮ್ಮ ಕೈಯ ಅಭ್ಯಾಸ ಒಪ್ಪುವುದೇ ಇಲ್ಲ.

ಚಳಿಗಾಲದ ಮನೆ ಅಷ್ಟು ಒಣಗುವುದು ಏಕೆಂದು ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹೊರಗಿನ 0 ಡಿಗ್ರಿ ಸೆಲ್ಸಿಯಸ್ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 4.8 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಆ ಗಾಳಿ ಒಳಗೆ ಬಂದು 22 ಡಿಗ್ರಿಗೆ ಕಾದರೆ ಹಿಡಿಯುವ ಶಕ್ತಿ 19 ಗ್ರಾಂ ದಾಟುತ್ತದೆ. ನೀರು ಇದ್ದಷ್ಟೇ, ಗಾಳಿಯ ಬಾಯಾರಿಕೆ ನಾಲ್ಕು ಪಟ್ಟು. ಹೊರಗೆ ಮಂಜು ಕವಿದ ದಿನವೂ ಒಳಗಿನ ಆರ್ದ್ರತೆ ಶೇಕಡಾ 25ಕ್ಕೆ ಇಳಿಯುವುದು ಹೀಗೆ. ಹೆಚ್ಚಿನ ಜರೀಗಿಡಗಳಿಗೆ ಶೇಕಡಾ 50ರ ಮೇಲಿದ್ದರೆ ಹಿತ. ತೆಳು ಎಲೆಯ ಮೇಡನ್‌ಹೇರ್‌ಗೆ 60 ಇದ್ದರೆ ಇನ್ನೂ ಒಳ್ಳೆಯದು. ಆದ್ದರಿಂದ ಚಳಿದೇಶದಲ್ಲಿ ಗಿಡ ಕೊಳ್ಳುವ ಮೊದಲು ಗಾಳಿಯ ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರ್ ಕೊಂಡು, ಗಿಡ ಇಡಬೇಕೆಂದಿರುವ ಜಾಗದಲ್ಲೇ ಒಂದು ವಾರ ಇಟ್ಟು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಪರಿಹಾರಗಳು. ಸ್ಪ್ರೇ ಬಾಟಲಿಯಿಂದ ದಿನಕ್ಕೆರಡು ಸಲ ನೀರು ಚಿಮುಕಿಸುವುದು ಎಲ್ಲೆಡೆ ಕೇಳಿಬರುವ ಸಲಹೆ. ಅದರಿಂದ ಆಗುವ ಉಪಕಾರ ಕೆಲವು ನಿಮಿಷದ್ದು. ಹನಿ ಆರಿದ ಕೂಡಲೇ ಕೋಣೆಯ ಗಾಳಿ ಮೊದಲಿನಂತೆಯೇ ಆಗುತ್ತದೆ. ಗಾಳಿಯಾಡದ ಮೂಲೆಯಲ್ಲಿ ರಾತ್ರಿಯಿಡೀ ಒದ್ದೆ ನಿಂತ ಎಲೆಗೆ ಕಲೆರೋಗ ತಗಲುವುದೂ ಉಂಟು. ಬೆಣಚುಕಲ್ಲಿನ ತಟ್ಟೆಯಲ್ಲಿ ನೀರಿಟ್ಟು ಅದರ ಮೇಲೆ ಕುಂಡ ಇಡುವುದರಿಂದ ಹಾನಿಯಿಲ್ಲ, ಲಾಭವೂ ಅಲ್ಪ. ನಿಜವಾಗಿ ಕೆಲಸ ಮಾಡುವುದು ಗಾಳಿಗೆ ಪಸೆ ಸೇರಿಸುವ ಯಂತ್ರವಾದ ಹ್ಯೂಮಿಡಿಫೈಯರ್, ಇಲ್ಲವೇ ಗಾಜಿನ ಪೆಟ್ಟಿಗೆ.

ಗಾಜಿನ ಪೆಟ್ಟಿಗೆಯ ಕತೆ ಜರೀಗಿಡದಿಂದಲೇ ಶುರುವಾದದ್ದು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನತಾನಿಯೆಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಶೀಸೆಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಿಂದ ಒಂದು ಪುಟ್ಟ ಜರೀಗಿಡವೂ ಒಂದು ಹುಲ್ಲೂ ಮೊಳೆತವು. ಹೊರಗೆ ಕಲ್ಲಿದ್ದಲ ಹೊಗೆಗೆ ಸಾಯುತ್ತಿದ್ದ ಜಾತಿಗಳು ಶೀಸೆಯೊಳಗೆ ಬದುಕಿದ್ದನ್ನು ಕಂಡು ಅವರು ದೊಡ್ಡ ಪೆಟ್ಟಿಗೆಗಳನ್ನು ಮಾಡಿಸಿದರು, 1842ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಚಳಿದೇಶದವರ ಈ ಉಪಾಯವನ್ನು ನಾವು ಅಲಂಕಾರವೆಂದು ತಿಳಿದು ಬಿಟ್ಟುಬಿಡುತ್ತೇವೆ. ಅದು ಅಲಂಕಾರವಲ್ಲ, ಜರೀಗಿಡ ತಾನಾಗಿ ಬೆಳೆಯುವ ಬಾವಿಯ ಒಳಗೋಡೆಯ ಹವೆಯನ್ನು ಮೇಜಿನ ಮೇಲೆ ತಂದಿಡುವ ಸಾಧನ. ಬೆಳಿಗ್ಗೆ ಗಾಜಿನ ಒಂದು ಬದಿಗೆ ತುಸು ಮಸುಕು ಕಟ್ಟಿದರೆ ಪಸೆ ಸರಿಯಾಗಿದೆ. ಇಡೀ ಗಾಜು ಹನಿಗಟ್ಟಿದರೆ ಕೆಲವು ಗಂಟೆ ಮುಚ್ಚಳ ತೆಗೆಯಬೇಕು. ನೇರ ಬಿಸಿಲು ಬೀಳುವ ಕಡೆ ಮಾತ್ರ ಇಡಲೇಬಾರದು, ಒಳಗೆ ಗಿಡ ಬೆಂದುಹೋಗುತ್ತದೆ.

ಪೆಟ್ಟಿಗೆಯೂ ಬೇಡ, ಯಂತ್ರವೂ ಬೇಡ ಎನ್ನುವವರು ಜಾತಿಯನ್ನು ಬದಲಿಸಬೇಕು. ಚರ್ಮದಂಥ ದಪ್ಪ ಎಲೆಯ ಹಾಲಿ ಫರ್ನ್, ನೀಲಿ ಛಾಯೆಯ ಫ್ಲೆಬೋಡಿಯಂ, ಗುಂಡಿಯಂಥ ಎಲೆಗಳ ಬಟನ್ ಫರ್ನ್ ಒಣಗಾಳಿಯನ್ನು ಸಾಕಷ್ಟು ತಾಳುತ್ತವೆ. ಬಟನ್ ಫರ್ನ್‌ಗೆ ಎರಡು ನೀರಿನ ನಡುವೆ ಮೇಲ್ಮಣ್ಣು ಆರಿದರೇ ಚೆಂದ. ಬಾಸ್ಟನ್ ಫರ್ನ್ ಮಧ್ಯಮ ಸ್ವಭಾವದ್ದು. ಸಾಯುವುದಿಲ್ಲ, ಆದರೆ ಒಣಗಾಳಿಯಲ್ಲಿ ದಿನಾ ಕಿರುಎಲೆ ಉದುರಿಸುತ್ತದೆ. ಮೇಡನ್‌ಹೇರ್ ತೆರೆದ ಒಣ ಕೋಣೆಗೆ ತಕ್ಕದ್ದಲ್ಲ. ಎಷ್ಟೇ ಚೆಲುವಾಗಿ ಕಂಡರೂ ಅದನ್ನು ಹೀಟರಿನ ಪಕ್ಕ ಇಡಲು ಕೊಳ್ಳಬೇಡಿ. ಅಂದಹಾಗೆ ಆಸ್ಪರಾಗಸ್ ಫರ್ನ್ ಎಂದು ಮಾರುವ ಗಿಡ ಜರೀಗಿಡವೇ ಅಲ್ಲ. ಅದು ಹೂವು, ಹಣ್ಣು ಬಿಡುವ ಗಿಡ. ಅದರ ಆರೈಕೆಯೂ ಬೇರೆ.

ಕುಂಡದ ವಿಷಯಕ್ಕೆ ಬಂದರೆ, ಎರಡು ಕಡೆಯ ಕ್ರಮಗಳೂ ತಮ್ಮ ತಮ್ಮ ಹವೆಗೆ ಸರಿ. ತೇವದ ಹವೆಯಲ್ಲಿ ಮಣ್ಣಿನ ಕುಂಡ ಬೇರನ್ನು ಕೊಳೆಯದಂತೆ ಕಾಯುತ್ತದೆ. ಒಣ ಕೋಣೆಯಲ್ಲಿ ಅದೇ ಕುಂಡ ಬೇರಿನ ಪಾಲಿನ ನೀರನ್ನೂ ಕುಡಿದುಬಿಡುತ್ತದೆ. ನನಗೆ ಮೆಚ್ಚಿಗೆಯಾದದ್ದು ಎರಡನ್ನೂ ಕೂಡಿಸುವ ದಾರಿ: ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು, ಅದಕ್ಕಿಂತ ಸುಮಾರು 5 ಸೆಂ.ಮೀ. ಅಗಲದ, ತೂತಿರುವ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ನೆನೆಸಿ ಹಿಂಡಿದ ತೆಂಗಿನ ನಾರನ್ನೋ ಸ್ಫಾಗ್ನಮ್ ಪಾಚಿಯನ್ನೋ ತುಂಬುವುದು. ದಿನಾ ನೀರು ಹಾಕಬೇಕೆಂದು ಕೈ ತುರಿಸಿದರೆ ಈ ನಾರಿಗೆ ಹಾಕಿ. ಹೊರಗೋಡೆ ಬೆವರಿ ಬೇರಿನ ಸುತ್ತ ತಂಪು ಉಳಿಯುತ್ತದೆ, ಒಳಗಿನ ಮಣ್ಣು ಕೆಸರಾಗುವುದಿಲ್ಲ.

ಒಳಗಿನ ಮಿಶ್ರಣ ಹಗುರಾಗಿರಬೇಕು. ತೋಟದ ಮಣ್ಣನ್ನು ಕುಂಡಕ್ಕೆ ತುಂಬಿದರೆ ಎರಡು ತಿಂಗಳಲ್ಲಿ ಒತ್ತಿಕೊಂಡು ಹೆಂಟೆಯಾಗುತ್ತದೆ, ಕೂದಲಿನಂಥ ಬೇರುಗಳಿಗೆ ಉಸಿರು ಸಿಗುವುದಿಲ್ಲ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಪರ್ಲೈಟ್ ಎಂಬ ಹಗುರ ಬಿಳಿ ಹರಳು, ಇವುಗಳ ಮಿಶ್ರಣ ಕುಂಡದಲ್ಲಿ ಬೆಳೆಯುವ ಬಹುಪಾಲು ಜಾತಿಗಳಿಗೆ ಒಗ್ಗುತ್ತದೆ. ಕೊಕೊಪೀಟಿನಲ್ಲಿ ಉಪ್ಪು ಇರಬಹುದು. ಬಳಸುವ ಮೊದಲು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ. ಹಕ್ಕಿಗೂಡು ಜರೀಗಿಡ ಮರದ ಮೇಲೆ ಬದುಕುವ ಜಾತಿ, ಅದಕ್ಕೆ ಅರ್ಧಕ್ಕರ್ಧ ಮರದ ತೊಗಟೆಯ ಚೂರು ಸೇರಿಸಬೇಕು. ಕುಂಡ ಬದಲಿಸುವಾಗ ಹಳೆಯದಕ್ಕಿಂತ 3 ಸೆಂ.ಮೀ. ಅಗಲ ಹೆಚ್ಚಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಆರದೆ ಹುಳಿಯುತ್ತದೆ. ಗುಪ್ತಕಾಂಡವನ್ನು, ಅಂದರೆ ಬೇರೂ ಗರಿಯೂ ಹೊರಡುವ ಅಡ್ಡಕಾಂಡವನ್ನು, ಹೂಳಬೇಡಿ. ಡಾವಾಲಿಯಾದಂಥ ಜಾತಿಯಲ್ಲಿ ರೋಮ ತುಂಬಿದ ಆ ಕಾಂಡ ಮಣ್ಣಿನ ಮೇಲೆಯೇ ಹರಿದು ಕುಂಡದಂಚಿನಿಂದ ಇಳಿಯಬೇಕು. ಮುಚ್ಚಿದರೆ ಕೊಳೆಯುತ್ತದೆ.

ನೀರು ಯಾವಾಗ ಎಂಬುದಕ್ಕೆ ವಾರದ ಲೆಕ್ಕ ನಂಬಬೇಡಿ. ಬೆರಳನ್ನು 2 ಸೆಂ.ಮೀ. ಇಳಿಸಿ ನೋಡಿ, ಕುಂಡವನ್ನು ಎತ್ತಿ ತೂಕ ನೋಡಿ. ಹಾಕುವಾಗ ಬುಡದಿಂದ ಹರಿದುಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಹಕ್ಕಿಗೂಡಿನ ನಡು ಬಟ್ಟಲಿಗೆ ಹೊಯ್ಯದೆ ಸುತ್ತಲ ಮಣ್ಣಿಗೆ ಹೊಯ್ಯಿರಿ, ಮುಚ್ಚಿದ ಕೋಣೆಯಲ್ಲಿ ಬಟ್ಟಲಿನ ನೀರು ಆರದೆ ಸುಳಿ ಕೊಳೆಯುತ್ತದೆ. ಹಲಗೆಗೆ ಕಟ್ಟಿದ, ಜಿಂಕೆಕೊಂಬಿನಂಥ ಗರಿಯ ಸ್ಟ್ಯಾಗ್‌ಹಾರ್ನ್ ಹಗುರಾದಾಗ ಹಲಗೆ ಸಮೇತ ಬಕೆಟ್ಟಿನಲ್ಲಿ 15 ನಿಮಿಷ ಮುಳುಗಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಗುಹಾಕಿ. ಅದರ ಬುಡದ ಕಂದು ತಟ್ಟೆಗಳು ಒಣಗಿದ ಕಸವಲ್ಲ, ಬೇರನ್ನು ಕಾಯುವ ಗರಿಗಳು, ಕೀಳಬಾರದು. ಎಲೆಯ ಮೇಲಿನ ಬಿಳಿ ನವಿರು ಧೂಳೂ ಅಲ್ಲ, ಒರೆಸಬಾರದು.

ಗಡಸು ನೀರು, ಅದಕ್ಕಿಂತ ಹೆಚ್ಚಾಗಿ ಉಪ್ಪು ಹಾಕಿ ಮೆದುಗೊಳಿಸಿದ ನಲ್ಲಿನೀರು, ಹಲವು ಜರೀಗಿಡಗಳ ಬೇರನ್ನು ನಿಧಾನವಾಗಿ ಸುಡುತ್ತದೆ. ಮೇಲ್ಮಣ್ಣಿನಲ್ಲಿ ಬಿಳಿ ಪದರ, ಗರಿಯ ಅಂಚಿನಲ್ಲಿ ಕಂದು ಗೆರೆ ಕಂಡರೆ ಇದೇ ಕಾರಣವಿರಬಹುದು. ಮಳೆನೀರು ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಸಿಗದಿದ್ದರೆ ತಿಂಗಳಿಗೊಮ್ಮೆ ಕುಂಡದ ಗಾತ್ರದ ಮೂರು ಪಟ್ಟು ನೀರನ್ನು, ಮೆದುಗೊಳಿಸದ ನಲ್ಲಿಯಿಂದ ಹಿಡಿದು, ನಿಧಾನವಾಗಿ ಹಾಯಿಸಿ ತೊಳೆಯಿರಿ. ಮೇಡನ್‌ಹೇರ್ ಜಾತಿಗಳಲ್ಲಿ ಒಂದಾದ ಅಡಿಯಾಂಟಮ್ ಕ್ಯಾಪಿಲಸ್ ವೆನೆರಿಸ್ ಮಾತ್ರ ಸುಣ್ಣಕಲ್ಲಿನ ಒದ್ದೆ ಬಂಡೆಗಳಲ್ಲಿ ಬೆಳೆಯುವುದರಿಂದ ಸುಣ್ಣದ ನೀರಿಗೆ ಹೆದರುವುದಿಲ್ಲ. ಗೊಬ್ಬರ ಕಡಿಮೆಯಿದ್ದಷ್ಟೂ ಕ್ಷೇಮ: ನೀರಿನಲ್ಲಿ ಕರಗುವ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂ ಬೆರೆಸಿ, ಬೆಳವಣಿಗೆಯ ತಿಂಗಳುಗಳಲ್ಲಿ ಮಾತ್ರ, ತಿಂಗಳಿಗೊಂದು ಸಲ, ಅದೂ ಒದ್ದೆ ಮಣ್ಣಿಗೆ.

ಬೆಳಕಿನಲ್ಲಿ ಇನ್ನೊಂದು ಹಳೆಯ ನಂಬಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಜರೀಗಿಡಕ್ಕೆ ನೆರಳು ಎಂದು ಕಲಿತವರು ಕೋಣೆಯ ಕತ್ತಲ ಮೂಲೆಗೆ ಕುಂಡ ಒಯ್ಯುತ್ತಾರೆ. ಬಿಸಿಲುನಾಡಿನ ಮರದ ನೆರಳಿಗೂ ಗೋಡೆಯೊಳಗಿನ ಮಬ್ಬಿಗೂ ಬಹಳ ಅಂತರ, ಮರದಡಿಯ ಬೆಳಕು ಮೂಲೆಯದಕ್ಕಿಂತ ಹಲವು ಪಟ್ಟು ಹೆಚ್ಚು. ಉತ್ತರ ಅಥವಾ ಪೂರ್ವದ ಕಿಟಕಿಯಿಂದ ಒಂದು ಮೀಟರಿನೊಳಗೆ ಇಡಿ. ಉತ್ತರಾರ್ಧ ಗೋಳದ ಚಳಿದೇಶಗಳಲ್ಲಿ ಚಳಿಗಾಲದ ಸೂರ್ಯ ತೀರ ಮಂದ, ಆಗ ದಕ್ಷಿಣದ ಕಿಟಕಿಯೂ ತೆಳು ಪರದೆಯೊಂದಿಗೆ ನಡೆಯುತ್ತದೆ. ಹೊಸ ಗರಿಗಳು ಉದ್ದಕ್ಕೆ ಸೊರಗಿ, ಎಲೆಗಳ ನಡುವೆ ಅಂತರ ಹೆಚ್ಚಿದರೆ ಬೆಳಕು ಸಾಲದು. ಗರಿ ಬಿಳಿಚಿ ಸುಟ್ಟಂತಾದರೆ ಹೆಚ್ಚಾಗಿದೆ.

ಎಲೆಯಡಿಯ ಕಂದು ಚುಕ್ಕೆಗಳನ್ನು ಹುಳುವೆಂದು ಕೆರೆದು ತೆಗೆಯುವವರು ಎರಡೂ ನಾಡುಗಳಲ್ಲಿದ್ದಾರೆ. ಆ ಚುಕ್ಕೆಗಳು ಹೆಚ್ಚಾಗಿ ಬೀಜಕಗಳ, ಅಂದರೆ ಗಿಡ ವಂಶ ಬೆಳೆಸುವ ಪುಡಿಕಣಗಳ, ಗುಂಪು. ಅವು ಕ್ರಮ ತಪ್ಪುವುದಿಲ್ಲ: ಬಾಸ್ಟನ್ ಫರ್ನಿನಲ್ಲಿ ಕಿರುಎಲೆಯ ನಡುನರದ ಎರಡೂ ಬದಿ ಸಾಲಾಗಿ, ಹಕ್ಕಿಗೂಡಿನಲ್ಲಿ ನಡುನರದಿಂದ ಓರೆಯಾಗಿ ಹೊರಟ ಗೆರೆಗಳಾಗಿ, ಮೇಡನ್‌ಹೇರ್‌ನಲ್ಲಿ ಮಡಿಚಿದ ಅಂಚಿನಡಿ. ಶಲ್ಕ ಕೀಟ ಕಾಂಡದ ಮೇಲೂ ಎಲೆಯ ಮೇಲೂ ಎಲ್ಲೆಂದರಲ್ಲಿ ಕೂರುತ್ತದೆ, ಉಗುರಿಗೆ ಚಿಪ್ಪಿನಂತೆ ಎದ್ದುಬರುತ್ತದೆ, ಸುತ್ತ ಅಂಟು ಇರುತ್ತದೆ. ಹತ್ತಿಕಡ್ಡಿಯನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಕೀಟಕ್ಕೆ ಮಾತ್ರ ಮುಟ್ಟಿಸಿ. ಬೇವಿನೆಣ್ಣೆ, ಸಾಬೂನು ನೀರು ಬೇರೆ ಗಿಡಗಳಿಗೆ ಒಗ್ಗಿದರೂ ಜರೀಗಿಡದ ಗರಿಯನ್ನು ಸುಡಬಹುದು. ಒಂದು ಗರಿಗೆ ಹಚ್ಚಿ ವಾರ ಕಾದು ನೋಡದೆ ಇಡೀ ಗಿಡಕ್ಕೆ ಸಿಂಪಡಿಸಬೇಡಿ.

ಒಂದು ದಿನ ನೀರು ಮರೆತು ಮೇಡನ್‌ಹೇರ್ ಪೂರ್ತಿ ಮುರುಟಿಹೋದರೆ, ಮುರುಟಿದ ಗರಿ ಮತ್ತೆ ಅರಳುವುದಿಲ್ಲ. ಎಲ್ಲವನ್ನೂ ಮಣ್ಣಿನಿಂದ 2 ಸೆಂ.ಮೀ. ಮೇಲೆ ಕತ್ತರಿಸಿ, ಕುಂಡವನ್ನು ಒಮ್ಮೆ ನೆನೆಸಿ ಬಸಿದು, ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಹೊದಿಸಿ ಬೆಳಕಿರುವ ಕಡೆ ಇಡಿ. ಎಲೆಯಿಲ್ಲದ ಗಿಡ ನೀರು ಕುಡಿಯುವುದು ಅತಿ ಕಡಿಮೆ, ಹಾಗಾಗಿ ಮಣ್ಣು ಹಸಿಯಿದ್ದರೆ ಸಾಕು. ಮೂರರಿಂದ ಐದು ವಾರದಲ್ಲಿ ಕಪ್ಪು ದಂಟಿನ ಸುರುಳಿ ಚಿಗುರು ಏಳುತ್ತದೆ. ಏಳದಿದ್ದರೆ ಗುಪ್ತಕಾಂಡದ ತುದಿಯನ್ನು ಚಾಕುವಿನಿಂದ ತುಸು ಕೆರೆದು ನೋಡಿ: ಒಳಗೆ ಗಟ್ಟಿಯಾಗಿ ಬಿಳಿ ಹಸಿರಿದ್ದರೆ ಇನ್ನೂ ಒಂದು ತಿಂಗಳು ಕಾಯಿರಿ, ಕಂದಾಗಿ ಮೆತ್ತಗಿದ್ದರೆ ಗಿಡ ಉಳಿದಿಲ್ಲ.