ಅಮ್ಮನ ವೀಲ್‌ಚೇರ್, ನನ್ನ ಗ್ಲೋಬಲ್ ಎಂಟ್ರಿ

ನಮ್ಮಮ್ಮನಿಗೆ ಕಾಲುನೋವಿಲ್ಲ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುತ್ತಾರೆ. ಆದರೂ ನ್ಯೂಜೆರ್ಸಿಗೆ ಬರುವಾಗ ವೀಲ್‌ಚೇರ್ ಬೇಕೇ ಬೇಕು. ಕಾಲಿಗಲ್ಲ, ಮಾತಿಗೆ. ತಳ್ಳುವವರೊಬ್ಬರು ಜೊತೆಗಿದ್ದರೆ ಯಾವ ಗೇಟು, ಯಾವ ಸಾಲು ಅಂತ ಇಂಗ್ಲಿಷಿನಲ್ಲಿ ವಿಚಾರಿಸುವ ತಾಪತ್ರಯ ಇಲ್ಲ. ವಿಮಾನದ ಬಾಗಿಲಲ್ಲಿ ಸಾಲಾಗಿ ನಿಂತ ವೀಲ್‌ಚೇರ್‌ಗಳಲ್ಲಿ ಎಷ್ಟು ಇಂಥವೇ ಅಂತ ನಮ್ಮವರಿಗೆಲ್ಲ ಗೊತ್ತು, ಅಲ್ವಾ?

ನನಗೆ ಗ್ಲೋಬಲ್ ಎಂಟ್ರಿ ಇದೆ, ಅಂದರೆ ಅಮೆರಿಕಾಕ್ಕೆ ಬಂದಿಳಿದಾಗ ಇಮಿಗ್ರೇಷನ್ ಸಾಲು ತಪ್ಪಿಸಿ ಬೇಗ ದಾಟಿಸುವ ಸರ್ಕಾರಿ ಸದಸ್ಯತ್ವ. 5 ವರ್ಷಕ್ಕೆ 120 ಡಾಲರ್. 2024ರ ಅಕ್ಟೋಬರ್‌ಗೆ ಮುಂಚೆ 100 ಇತ್ತು. ಅರ್ಜಿ ಹಾಕಿ, ಪೂರ್ವಾಪರ ತಪಾಸಣೆ ಮುಗಿದು, ಇಂಟರ್‌ವ್ಯೂ ಕೊಟ್ಟರೆ ಆಯಿತು. ಆಮೇಲೆ ನ್ಯೂವಾರ್ಕ್‌ನಲ್ಲಿ ಇಳಿದು ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಹೆಚ್ಚು ಮಾತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೂ 2017ರಿಂದ ಇದು ಸಿಗುತ್ತದೆ. ಹಾಗೆ ನೋಡಿದರೆ ಅಮ್ಮನೂ ಅರ್ಜಿ ಹಾಕಬಹುದು. ಇಂಟರ್‌ವ್ಯೂ ಅಂದ ತಕ್ಷಣ, "ಬೇಡಪ್ಪ, ಆ ಕುರ್ಚಿನೇ ಸಾಕು" ಅಂದರು.

ತಪಾಸಣೆ ಮಾಡಿ ಸದಸ್ಯರ ಮೇಲೆ ಇಟ್ಟ ಈ ನಂಬಿಕೆಯೋ, ಒಂದು ಎಸಳು ಕರಿಬೇವಿಗೆ ಮುರಿದುಬೀಳುವಂಥದ್ದು. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಹುಳು ಬರುತ್ತದೆಂದು ಅಮೆರಿಕಾ ಹಸಿ ಕರಿಬೇವನ್ನು ಒಳಗೆ ಬಿಡುವುದಿಲ್ಲ. ಹೇಳದೆ ತಂದು ಸಿಕ್ಕಿಬಿದ್ದರೆ ದಂಡ ಬೀಳಬಹುದು, ಸದಸ್ಯತ್ವವೂ ಹೋಗಬಹುದು. ಅಮ್ಮ ಚಟ್ನಿಪುಡಿ ಡಬ್ಬದ ಕೆಳಗೆ ಪೇಪರಿನಲ್ಲಿ ಸುತ್ತಿ ಒಂದು ಕಟ್ಟು ಇಟ್ಟಿದ್ದರು. ಹೊರಡುವ ರಾತ್ರಿ ಸೂಟ್‌ಕೇಸ್ ತೂಕ ಜಾಸ್ತಿ ಬಂದು ಬಿಚ್ಚಿದ್ದಕ್ಕೆ ಕಣ್ಣಿಗೆ ಬಿತ್ತು. ಬದುಕಿದೆ.

ಇಂಥದ್ದೇ ನಮ್ಮ ದೇಶದ ಯೋಜನೆಗೆ, ಇ-ಗೇಟ್ ಅನ್ನೋ ಯಂತ್ರದ ಗೇಟಿನಲ್ಲಿ ಇಮಿಗ್ರೇಷನ್ ಬೇಗ ಮುಗಿಸುವುದಕ್ಕೆ, ಎಫ್‌ಟಿಐ-ಟಿಟಿಪಿ ಅಂತ ನಾಲಿಗೆ ತಿರುಗದ ಹೆಸರು. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಯಿತು, 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯರಿಗೆ, ಒಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರಿಗೆ. ಆನ್‌ಲೈನ್ ಅರ್ಜಿ, ಒಪ್ಪಿಗೆ ಬಂದ ಮೇಲೆ ಬೆರಳಚ್ಚು, ಫೋಟೋ. ಇಂಟರ್‌ವ್ಯೂ ಇಲ್ಲ, ದುಡ್ಡೂ ಇಲ್ಲ. ನನ್ನದು ಭಾರತದ ಪಾಸ್‌ಪೋರ್ಟ್, ಹೆಂಡತಿಯದು ಒಸಿಐ, ಇಬ್ಬರೂ ಮಾಡಿಸಿದೆವು. ಆದರೆ 12 ತುಂಬದ ಮಕ್ಕಳಿಗೆ ಇದು ಸಿಗುವುದಿಲ್ಲ. ನಮ್ಮ ಮಗಳಿಗೆ 7. ಹಾಗಾಗಿ ಒಬ್ಬರು ಇ-ಗೇಟಿನಲ್ಲಿ ದಾಟಿ ಬೆಲ್ಟಿನ ಹತ್ತಿರ ಕಾಯುವುದು, ಇನ್ನೊಬ್ಬರು ಅವಳ ಜೊತೆ ಮಾಮೂಲಿ ಸಾಲಿನಲ್ಲಿ ನಿಲ್ಲುವುದು. ಸೂಟ್‌ಕೇಸ್ ಹೇಗಿದ್ದರೂ ತನ್ನ ಹೊತ್ತಿಗೇ ಬರೋದು.

ಎರಡೂ ಯೋಜನೆ ಕೆಟ್ಟದ್ದೇನಲ್ಲ, ನಾನೇ ಬಳಸುತ್ತೇನೆ. ನನ್ನ ತಕರಾರು ಬೇರೆ. ಫಾರಂ ತುಂಬಲು ಬರುವವನಿಗೆ, ದಾರಿ ಗೊತ್ತಿರುವವನಿಗೆ ಇನ್ನಷ್ಟು ಹತ್ತಿರದ ದಾರಿ. ಸಾಲಿನಲ್ಲಿ ಗಾಬರಿಯಾಗುವವರು ಅಲ್ಲೇ ಉಳಿಯುತ್ತಾರೆ. ಸಿಂಗಾಪುರ ಈ ಸದಸ್ಯತ್ವದ ಗೋಜನ್ನೇ ಬಿಟ್ಟಿದೆ. ಅಲ್ಲಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ಈಗ ಹೊರದೇಶದವರೂ ಮೊದಲೇ ಹೆಸರು ನೋಂದಾಯಿಸದೆ ಯಂತ್ರದ ಗೇಟಿನಲ್ಲಿ ದಾಟಬಹುದು. ಬರುವ ಮುಂಚೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಿದ್ದರೆ ಸಾಕು, ಅದನ್ನು ಮನೆಯವರು ಯಾರಾದರೂ ತುಂಬಿಕೊಡಬಹುದು.

ಕಳೆದ ವರ್ಷ ಚಿಕ್ಕಮ್ಮನ ಜೊತೆ ಅಮ್ಮ ಅಲ್ಲಿಗೆ ಹೋಗಿದ್ದರು. ವೀಲ್‌ಚೇರ್ ಹೇಳಿರಲಿಲ್ಲ. "ಪಾಸ್‌ಪೋರ್ಟ್ ಇಟ್ಟೆ, ಬಾಗಿಲು ತೆಗೀತು, ಯಾರೂ ಏನೂ ಕೇಳ್ಲೇ ಇಲ್ಲ ಕಣೋ" ಅಂತ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು.

ಮೇ ತಿಂಗಳಲ್ಲಿ ಮತ್ತೆ ಇಲ್ಲಿಗೆ ಬರುತ್ತಿದ್ದಾರೆ. ಟಿಕೆಟ್ ಆಯಿತು ಅಂದೆ. "ಕುರ್ಚಿಗೆ ಹೇಳಿದ್ದೀಯ ತಾನೆ?" ಅಂತ ಎರಡು ಸಲ ಕೇಳಿದರು.