ಸಸಿ ಸತ್ತರೂ ಫಲಕ ಚಿರಾಯು

ನಮ್ಮ ಬಾಗಲಕೋಟೆ ಸೀಮೆಯ ಔಷಧಿ ವನದಲ್ಲಿ ಗಿಡವೆಲ್ಲ ಒಣಗಿ ಬರೀ ಫಲಕ ಉಳಿದಿವೆ ಎಂಬ ಸುದ್ದಿ ನೀವೂ ಓದಿರುತ್ತೀರಿ. ಇದನ್ನು ವೈಫಲ್ಯ ಅನ್ನುವುದು ಅನ್ಯಾಯ. ಇಲ್ಲಿನ ಏಪ್ರಿಲ್ ಬಿಸಿಲು ತಡೆಯಲು ಸಸಿಗೇನು ಸ್ಟೀಲಿನ ಮೈಯೇ? ಫಲಕಕ್ಕಿದೆ, ನಿಂತಿದೆ. ಮೇಲೆ ಮಂತ್ರಿಗಳು, ಆಮೇಲೆ ಶಾಸಕರು, ಅಧ್ಯಕ್ಷರು, ಸರ್ವ ಸದಸ್ಯರು. ಎಲ್ಲರ ಕಾಲಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಅಶ್ವಗಂಧ: ವಿಥಾನಿಯಾ ಸೋಮಪ್ಪಫೆರಾ’.

ಗಿಡದ ವೈಜ್ಞಾನಿಕ ಹೆಸರದು, ಸೊಮ್ನಿಫೆರಾ ಆಗಬೇಕಿತ್ತು. ಸೋಮಪ್ಪ ಯಾರು, ಗುತ್ತಿಗೆದಾರರ ಅಳಿಯನೇ ಎಂದು ಊರವರು ವಿಚಾರಿಸುತ್ತಿದ್ದಾರೆ. ನಗಬೇಡಿ, ವಿಥಾನಿಯಾ ಎಂಬುದೇ ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ವಿಥಮ್ ಹೆಸರು ಕಾಗುಣಿತ ತಪ್ಪಿ ಆದದ್ದಂತೆ. ನಮ್ಮವರು ಪರಂಪರೆ ಮುಂದುವರಿಸಿದ್ದಾರೆ, ಅಷ್ಟೇ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಿಡಕ್ಕೆ ಎರಡೇ ಪದದ ಹೆಸರು ಸಾಕು ಎಂದ. ಅದಕ್ಕೂ ಮೊದಲು ಒಂದು ಗಿಡದ ಹೆಸರು ಹೇಳಿ ಮುಗಿಸಲು ಉದ್ದನೆಯ ಲ್ಯಾಟಿನ್ ವಾಕ್ಯವೇ ಬೇಕಿತ್ತು. ಆ ಹಳೇ ಪದ್ಧತಿಯನ್ನು ಸನ್ಮಾನ್ಯ, ಜನಪ್ರಿಯ, ಅಭಿವೃದ್ಧಿಯ ಹರಿಕಾರ ಎಂದು ನಾವಿನ್ನೂ ಜೋಪಾನ ಮಾಡಿದ್ದೇವೆ, ಗಿಡಗಳಿಗಲ್ಲ.

ಲಿನೇಯಸ್ ಕೂಡ ಸಾಧು ಮನುಷ್ಯನಲ್ಲ. ಹೂವಿನ ಗಂಡು-ಹೆಣ್ಣು ಭಾಗ ಎಣಿಸಿ ಸಸ್ಯ ವಿಂಗಡಿಸುವುದು ಅಶ್ಲೀಲ ಎಂದು ಸೇಂಟ್ ಪೀಟರ್ಸ್‌ಬರ್ಗಿನ ಸಸ್ಯವಿಜ್ಞಾನಿ ಸೀಗೆಸ್‌ಬೆಕ್ ಬೈದಾಡಿದ್ದ. ಅಂಟಂಟಾದ ಕಸದ ಗಿಡವೊಂದಕ್ಕೆ ‘ಸಿಗೆಸ್‌ಬೆಕಿಯಾ’ ಎಂಬ ಹೆಸರು ಬಿದ್ದದ್ದು ಆ ಸೇಡಿಗೇ ಎಂದು ಸಸ್ಯಶಾಸ್ತ್ರದವರು ಇವತ್ತಿಗೂ ಹೇಳಿ ನಗುತ್ತಾರೆ. ತನ್ನ ಹೆಸರಿಗೆ ಮಾತ್ರ ಲಿನೇಯಸ್ ಒಪ್ಪಿಕೊಂಡದ್ದು ನೆಲ ಹಿಡಿದು ಹರಿಯುವ ಸಣ್ಣ ಗಿಡ, ಲಿನೇಯಾ ಬೊರಿಯಾಲಿಸ್. ನಮ್ಮಲ್ಲಿ ಯಾವ ನಾಯಕರ ಹೆಸರನ್ನಾದರೂ ಅಂಥ ಗಿಡಕ್ಕೆ ಇಟ್ಟು ನೋಡಿ, ಸಂಜೆಯೊಳಗೆ ಅಭಿಮಾನಿ ಬಳಗ ಟೈರ್ ಸುಡುತ್ತದೆ.

ವನದ ಮಾಲಿಯನ್ನು ಕೇಳಿದೆ: “ನೀರ ಯಾಕ ಬಿಡಲಿಲ್ಲೋ ತಮ್ಮಾ?”

“ಟೆಂಡರಿನ್ಯಾಗ ನೀರ ಇಲ್ರೀ ಸರ. ಬೋರ್ಡ್ ಒರಸೂದ ಐತ್ರಿ.”

ಬೇಲಿಯಾಚೆ ರಸ್ತೆ ಬದಿಗೆ ಅದೇ ಅಶ್ವಗಂಧ ಯಾರೂ ನೆಡದೆ ಎದ್ದಿತ್ತು. ಬೂದು ಬಣ್ಣದ ನವಿರು ಎಲೆ, ಕಾಗದದಂಥ ಪೊರೆಯೊಳಗೆ ಕೆಂಪು ಹಣ್ಣು. ಪಕ್ಕಕ್ಕೆ ಉತ್ತರಾಣಿ, ತುಂಬೆ, ನೆಗ್ಗಿಲಮುಳ್ಳು. ಮಂತ್ರಿಗಳು ಬರುವ ದಾರಿ ಸ್ವಚ್ಛವಾಗಲೆಂದು ಎಲ್ಲದರ ಮೇಲೂ ಕಳೆನಾಶಕ ಹೊಡೆಸಿದರು. ಈಗ ಎಲೆ ಮುರುಟಿ ಹಳದಿಗಟ್ಟಿದೆ. ಇದಕ್ಕೆ ಎಂಥ ವಿಡಂಬನೆ ಬರೆಯಲಿ? ತಾನಾಗಿ ಬೆಳೆದದ್ದನ್ನು ದುಡ್ಡು ಕೊಟ್ಟು ಕೊಂದರು, ನೆಟ್ಟದ್ದನ್ನು ಪುಕ್ಕಟೆಯಾಗಿ ಕೊಂದರು, ಎರಡಕ್ಕೂ ಬಿಲ್ ಪಾಸಾಯಿತು. ಕೇಳಿದರೆ ‘ಪರಿಶೀಲಿಸುತ್ತೇವೆ’. ಸಾಕಾಗಿದೆ, ನಿಜವಾಗಿ ಸಾಕಾಗಿದೆ.

ಎರಡನೇ ಹಂತದ ಪ್ರಸ್ತಾವನೆ ಹೋಗಿದೆಯಂತೆ. ಈ ಸಲ ಪ್ರತಿ ಫಲಕಕ್ಕೂ ಕ್ಯೂಆರ್ ಕೋಡ್, ಸಂಜೆಗೆ ಎಲ್‌ಇಡಿ ದೀಪ. ಗುತ್ತಿಗೆದಾರರು ಅವರೇ.